ಮುನಿವೆಂಕಟಮ್ಮನ ಪಫ್ ಹೌಸ್

ಹೊಸಕೆರೆಹಳ್ಳಿಯ ಮುನಿವೆಂಕಟಮ್ಮನಿಗೆ ಬಿಪಿ ಇಲ್ಲ, ಶುಗರ್ ಇಲ್ಲ, ಮಂಡಿನೋವೂ ಇಲ್ಲ. ಅರುವತ್ತು ದಾಟಿದ ಮೇಲೂ ಮಹಡಿ ಹತ್ತಿ ಟ್ಯಾಂಕಿಗೆ ನೀರು ಬಂತೋ ಇಲ್ಲವೋ ಎಂದು ಇಣುಕಿ ನೋಡಿ ಬರುವ ಗಟ್ಟಿ ಜೀವ. ಆಕೆಗೆ ಇದ್ದದ್ದು ಒಂದೇ ಕಾಯಿಲೆ. ಎದುರಿಗೆ ಯಾರಾದರೂ ನಕ್ಕರೆ, ಅವರು ಯಾಕೆ ನಕ್ಕರು ಅಂತ ಗೊತ್ತಾಗುವವರೆಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಈ ಕಾಯಿಲೆ ಹಳೆಯದು. ಮದುವೆಯ ಮಂಟಪದಲ್ಲೇ ಅದು ಜಗಜ್ಜಾಹೀರಾಗಿತ್ತು. ಗಂಡು ಬೈರಣ್ಣ ತಾಳಿ ಹಿಡಿದು ನಿಂತಿದ್ದಾಗ ಅವನ ಅಕ್ಕತಂಗಿಯರು ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕರು. ಬಾಸಿಂಗ ಕಟ್ಟಿಸಿಕೊಂಡು ತಲೆ ತಗ್ಗಿಸಿ ಕೂತಿದ್ದ ಮದುವಣಗಿತ್ತಿ ತಲೆಯೆತ್ತಿ, "ಏನದು? ನಂಗೂ ಹೇಳ್ರಿ" ಅಂದಳು. ಪುರೋಹಿತರು ಮಂತ್ರ ನಿಲ್ಲಿಸಿದರು. ಗಂಡಿನ ಪಂಚೆ ಜಾರುತ್ತಿದೆ ಅಂತ ನಾದಿನಿ ಕಿವಿಯಲ್ಲಿ ಹೇಳಬೇಕಾಯಿತು. ಹೇಳಿದ್ದೇ ತಡ, ಎಲ್ಲರಿಗಿಂತ ಜೋರಾಗಿ ನಕ್ಕವಳು ಆಕೆಯೇ. ಅವತ್ತು ಒಂದು ಕೈಯಲ್ಲಿ ಪಂಚೆ, ಒಂದು ಕೈಯಲ್ಲಿ ತಾಳಿ ಹಿಡಿದು ಒದ್ದಾಡಿದ ಬೈರಣ್ಣ, ಆಮೇಲೆ ಎಂದೂ ಬೆಲ್ಟಿಲ್ಲದೆ ಪಂಚೆ ಉಟ್ಟವನಲ್ಲ.

ಇನ್ನೊಮ್ಮೆ ಬನಶಂಕರಿ ಬಸ್ ನಿಲ್ದಾಣದಿಂದ ಮನೆಗೆ ಬರುವಾಗ ಮುಂದಿನ ಸೀಟಿನ ಇಬ್ಬರು ಕಾಲೇಜು ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತನ್ನ ಸ್ಟಾಪು ಬಂದರೂ ಮುನಿವೆಂಕಟಮ್ಮ ಇಳಿಯಲಿಲ್ಲ. ಅವರ ಹಿಂದೆಯೇ ಇಳಿದು, ರಸ್ತೆ ದಾಟಿ, ಅಡ್ಡಹಾಕಿ ಕೇಳಿದಳು. ಲೆಕ್ಚರರ ಮೀಸೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಅಂತ ಅವರು ಹೆದರಿಕೊಂಡೇ ಹೇಳಿದರು. "ಇಷ್ಟಕ್ಕಾ? ಇದ್ಕೆ ಅಷ್ಟು ನಗ್ಬೇಕಾ? ದಂಡ" ಎಂದು ಅವರನ್ನೇ ಬೈದು, ಬಿಸಿಲಲ್ಲಿ ನಡೆದುಕೊಂಡು ವಾಪಸ್ ಬಂದಳು.

ಕೆರೆಯ ಪಕ್ಕ ಅವರ ಮನೆತನದ ಸೊಪ್ಪಿನ ತೋಟ, ರಾಗಿ ಹೊಲ ಇದ್ದವು. ಅವೆಲ್ಲ ಸೈಟುಗಳಾದ ಮೇಲೆ ಉಳಿದ ಜಾಗದಲ್ಲಿ ಗಂಡಹೆಂಡಿರು ಒಂದು ಬಿಲ್ಡಿಂಗ್ ಕಟ್ಟಿಸಿದರು. ಮಕ್ಕಳಿಬ್ಬರೂ ಅದೇ ಬೀದಿಯ ಆ ತುದಿಯಲ್ಲಿ ಸಂಸಾರ ಹೂಡಿದ್ದರು. ಸಾರು ಕೆಟ್ಟರೆ ಸೊಸೆಯಂದಿರು ಸೀದಾ ಇಲ್ಲಿಗೆ ಬಂದು ಬಟ್ಟಲು ಹಿಡಿಯುತ್ತಿದ್ದರು. ಕೆಳಗಿದ್ದ ಹಾರ್ಡ್‌ವೇರ್ ಅಂಗಡಿಯವರು ಖಾಲಿ ಮಾಡಿದಾಗ ಬೈರಣ್ಣ ಮೊಬೈಲ್ ಅಂಗಡಿಯವನಿಗೆ ಬಾಡಿಗೆಗೆ ಕೊಡೋಣವೆಂದ. ಮುನಿವೆಂಕಟಮ್ಮ ಬೇಕರಿ ಇಡೋಣವೆಂದಳು. ಬೇಕರಿಯೇ ಆಯಿತು.

ಬೇಕರಿಯ ಜೀವಾಳ ಯಲ್ಲಯ್ಯ. ಬೇರೆ ಬೇರೆ ಬೇಕರಿಗಳ ಒಲೆಯ ಮುಂದೆ ಮೂವತ್ತು ವರ್ಷ ನಿಂತು ಅವನ ಬಲಗಿವಿ ಅರ್ಧ ಕೇಳಿಸುತ್ತಿರಲಿಲ್ಲ, ಆದರೆ ಹಿಟ್ಟಿನ ಮೇಲೆ ಕೈಯಿಟ್ಟರೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತಿತ್ತು. ಅವನ ಪಪ್ಸಿನ ಒಳಗೆ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿಯ ಪಲ್ಯ. ಮಧ್ಯಾಹ್ನ ಕಳೆದು ಟ್ರೇ ಹೊರಗೆ ಬಂದರೆ ಕತ್ರಿಗುಪ್ಪೆ, ಇಟ್ಟಮಡುವಿನಿಂದಲೂ ಸ್ಕೂಟರುಗಳು ಬಂದು ನಿಲ್ಲುತ್ತಿದ್ದವು. ಎಲ್ಲರ ಬಾಯಲ್ಲೂ ಒಂದೇ ಮಾತು, "ಒಂದ್ ಪಪ್ಸ್ ಕೊಡಿ ಆಂಟಿ."

ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ಕೋಣೆಯನ್ನು ಪ್ರಮೋದ್ ಎಂಬುವನು ಬಾಡಿಗೆಗೆ ಹಿಡಿದು ಭಾಷೆಗಳ ಕ್ಲಾಸು ನಡೆಸುತ್ತಿದ್ದ. ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಬೇಕೆಂದಿದ್ದ ಹುಡುಗಿಯರು ಅಲ್ಲಿ ಜರ್ಮನ್ ಕಲಿಯಲು ಬರುತ್ತಿದ್ದರು. ಪ್ರಮೋದನಿಗೆ ಯುರೋಪಿನ ಐದಾರು ಭಾಷೆ ಸಲೀಸು. ಓನರ್ ಆಂಟಿಯ ಎದುರು ಮಾತ್ರ ಕನ್ನಡವೂ ತೊದಲುತ್ತಿತ್ತು. ಅವನ ಕ್ಲಾಸಿನಲ್ಲಿ ಪಾಠ ಹೇಳಲು ಜರ್ಮನಿಯಿಂದಲೇ ಒಬ್ಬಳು ಬಂದು ಎರಡನೇ ಮಹಡಿಯ ಒಂಟಿ ಕೋಣೆಯಲ್ಲಿ ಉಳಿದುಕೊಂಡಿದ್ದಳು. ಅವಳ ಹೆಸರು ಊಟೆ.

ಬಂದ ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಮುನಿವೆಂಕಟಮ್ಮ, "ನಿನ್ ಹೆಸರೇನಮ್ಮಾ?" ಎಂದು ಕೇಳಿದಳು.

"ಊಟೆ."

"ಇನ್ನೂ ಆಗಿಲ್ವಾ? ಹೊತ್ತೆಷ್ಟಾಯ್ತು, ಬಾ ಬಾ" ಎಂದು ಕೈಹಿಡಿದು ಎಳೆದುಕೊಂಡು ಹೋಗಿ ಮುದ್ದೆ, ಉಪ್ಸಾರು ಬಡಿಸಿದಳು. ಊಟೆ ತಿಂದು, ಬೆವರು ಒರೆಸಿಕೊಂಡು, ಎದೆಯ ಮೇಲೆ ಕೈಯಿಟ್ಟು ಮತ್ತೆ ಹೇಳಿದಳು, "ನಾನು… ಊಟೆ."

"ಸಾಲ್ಲಿಲ್ವಾ? ತಗೋ ಇನ್ನೊಂದು."

ಎರಡನೇ ಮುದ್ದೆ ಇಳಿಯುವ ಹೊತ್ತಿಗೆ ಪ್ರಮೋದ್ ಬಂದು ಬಿಡಿಸಿ ಹೇಳಿದ. ಅಂದಿನಿಂದ ಆಕೆ 'ಊಟ ಮೇಡಮ್ಮು' ಆದಳು. ಕನ್ನಡವನ್ನೂ ಬೇಗ ಕಲಿತಳು.

ಬೋರ್ಡುಗಳಲ್ಲಿ ನೂರಕ್ಕೆ ಅರುವತ್ತು ಭಾಗ ಕನ್ನಡ ಇರಬೇಕು ಎಂದು ನಿಯಮ ಬಂದಾಗ ಬೀದಿಯ ಅಂಗಡಿಗಳೆಲ್ಲ ಬೋರ್ಡು ಬದಲಾಯಿಸತೊಡಗಿದವು. ಮುನಿವೆಂಕಟಮ್ಮನೂ ಬೋರ್ಡು ಬರೆಯುವ ಶಾಮಣ್ಣನನ್ನು ಕರೆಸಿದಳು. ಅಲ್ಲಿಯವರೆಗೆ ಬೇಕರಿಗಿದ್ದದ್ದು ದೇವರ ಹೆಸರು. ಅದೇ ದೇವರ ಹೆಸರಿನ ಇನ್ನೂ ಮೂರು ಬೇಕರಿ ಅದೇ ರಸ್ತೆಯಲ್ಲಿದ್ದವು.

"ಜನ ನಮ್ಮಲ್ಲಿಗೆ ಬರೋದ್ಯಾಕೆ? ಪಪ್ಸಿಗೆ. ಹಂಗೇ ಬರಿ" ಅಂದಳು ಆಕೆ.

"ಪಪ್ಸ್ ಮನೆ ಅಂತ ಬರೀಲಾ ಅಕ್ಕಾ?"

"ಬ್ಯಾಡ. ಮನೆ ಅಂತ ಬರದ್ರೆ ಬಾಡಿಗೆಗೈತೆ ಅನ್ಕೊಂಡು ಬಂದು ತಲೆ ತಿಂತಾರೆ. ಹೌಸ್ ಅಂತ ಹಾಕು."

"ಕೊನೇಲಿ ಎಸ್ ಬ್ಯಾಡ ಅಕ್ಕಾ, ಪಫ್ ಅಂತ್ಲೇ ಸಾಕು. ಎಸ್ ಸೇರಿಸಿದ್ರೆ ಅಕ್ಷರ ಸಣ್ಣದಾಗೋಯ್ತದೆ."

ಹೀಗೆ ಬೋರ್ಡು ಸಿದ್ಧವಾಯಿತು. ಮೇಲೆ ದಪ್ಪ ಕನ್ನಡದಲ್ಲಿ 'ಪಫ್ ಹೌಸ್'. ಕೆಳಗೆ ಇಂಗ್ಲಿಷಿನಲ್ಲೂ ಅದೇ. ಅದರ ಕೆಳಗೆ ಎರಡೂ ಭಾಷೆಯಲ್ಲಿ, 'ಬಿಸಿಬಿಸಿ, ಸದಾ ತಾಜಾ, ಮಹಡಿಯಲ್ಲಿ ಫ್ಯಾಮಿಲಿ ರೂಮ್ ಇದೆ.' ಅಂಗಡಿ ಕಿರಿದಾದ್ದರಿಂದ ಮೇಲೆ ಕ್ಲಾಸಿನ ಪಕ್ಕದ ಕೋಣೆಯಲ್ಲಿ ನಾಲ್ಕು ಬೆಂಚು ಹಾಕಿಸಿ ಅದನ್ನೇ ಫ್ಯಾಮಿಲಿ ರೂಮ್ ಮಾಡಿದ್ದಳು. ಬೋರ್ಡಿನ ಸುತ್ತ ಕೆಂಪು ಬಲ್ಬುಗಳ ಸರ. ಒಂದರ ಹಿಂದೆ ಒಂದು ಓಡಿದಂತೆ ಹತ್ತಿ ಆರುತ್ತಿದ್ದವು. ಪಕ್ಕದಲ್ಲೇ ಪ್ರಮೋದನ ಹಳೆಯ ಬೋರ್ಡು, ಬಾಣದ ಗುರುತಿನ ಸಮೇತ, 'ಜರ್ಮನ್ ಕಲಿಯಿರಿ, ಮೇಲೆ ಬನ್ನಿ' ಎನ್ನುತ್ತಿತ್ತು.

ಆಗ ಊಟೆ ಊರಲ್ಲಿರಲಿಲ್ಲ, ಹಂಪಿಗೆ ಹೋಗಿದ್ದಳು. ಸಂಜೆ ಆಟೋದಿಂದ ಇಳಿದು, ಬೆನ್ನಿನ ಬ್ಯಾಗು ಸರಿಮಾಡಿಕೊಂಡು, ತಲೆಯೆತ್ತಿ ಬೋರ್ಡು ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಬ್ಯಾಗಿನ ಸಮೇತ ಫುಟ್‌ಪಾತಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದಳು. ಆಟೋದವನು ಚಿಲ್ಲರೆ ಕೊಡಲು ಮರೆತು ಅವಳನ್ನೇ ನೋಡುತ್ತ ನಿಂತ.

ಓದುವವರಿಂದ ಮುಚ್ಚಿಡುವುದೇನಿದೆ? ಜರ್ಮನ್ನರು ಪಫ್ ಎಂಬ ಪದವನ್ನು ಅದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು 'ಪುಫ್' ಅನ್ನುತ್ತಾರೆ. ಆಡುಮಾತಿನಲ್ಲಿ ಅದಕ್ಕೆ ವೇಶ್ಯಾಗೃಹ ಅಂತ ಅರ್ಥ. ಅಂಥ ಮನೆಗಳ ಮುಂದೆ ಕೆಂಪು ದೀಪ ಉರಿಯುವುದೂ ಉಂಟು.

ಗಲ್ಲಾದ ಹಿಂದೆ ನಿಂತಿದ್ದ ಮುನಿವೆಂಕಟಮ್ಮ ಊಟೆಯ ನಗು ನೋಡಿದಳು. ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟಳು.

"ಯಾಕಮ್ಮಾ ನಗ್ತಿದೀಯ?"

"ಏನಿಲ್ಲ ಆಂಟಿ. ಬೋರ್ಡ್ ಚೆನ್ನಾಗಿದೆ" ಎಂದು ಊಟೆ ಮೆಟ್ಟಿಲು ಹತ್ತಿ ಓಡಿದಳು.

ಮಾರನೆಯ ದಿನ ಕ್ಲಾಸಿಗೆ ಬಂದ ಹುಡುಗಿಯರೂ ಬೋರ್ಡು ನೋಡುವುದು, ಒಬ್ಬರನ್ನೊಬ್ಬರು ತಿವಿಯುವುದು, ಮೆಟ್ಟಿಲ ಮೇಲೆ ಕಿಸಿಕಿಸಿ ಅನ್ನುವುದು ಶುರುವಾಯಿತು. ಮುನಿವೆಂಕಟಮ್ಮ ಅವತ್ತು ಮಧ್ಯಾಹ್ನ ಊಟ ಬಿಟ್ಟಳು. ಸಂಜೆ ಸೀದಾ ಎರಡನೇ ಮಹಡಿಗೆ ಹತ್ತಿ ಊಟೆಯ ಬಾಗಿಲು ತಟ್ಟಿದಳು.

"ನಿಮ್ಮೂರಲ್ಲಿ ಪಪ್ಸ್ ಅಂದ್ರೆ ಏನು? ಹೇಳೋವರ್ಗೂ ನಾನ್ ಇಲ್ಲಿಂದ ಕದಲಲ್ಲ."

ಊಟೆಯ ಮುಖ ಟೊಮೆಟೊ ಆಯಿತು. "ಅದು… ಒಂದು ಮನೆ, ಆಂಟಿ."

"ಯಾರ ಮನೆ?"

"ಯಾರದೂ ಅಲ್ಲ. ತುಂಬಾ ಜನ ಬರ್ತಾರೆ."

"ಛತ್ರ!"

"ಅಲ್ಲ. ದುಡ್ಡು ಕೊಟ್ಟು ಹೋಗೋದು."

"ಲಾಡ್ಜು."

"ಸ್ವಲ್ಪ… ಅಲ್ಲ, ಅಲ್ಲ. ಗಂಡಸರು ಹೋಗ್ತಾರೆ. ಹೆಂಗಸರು ಕೆಲಸ ಮಾಡ್ತಾರೆ."

"ಗಾರ್ಮೆಂಟ್ಸು. ಗಂಡಸ್ರು ಸೂಪರ್‌ವೈಸರ್‌ಗಳಾ?"

"ಅಯ್ಯೋ ಆಂಟಿ! ಅಲ್ಲಿಗೆ ಹೋಗೋ ಗಂಡಸರು ಹೆಂಡತಿಗೆ ಹೇಳಲ್ಲ."

"ಬಾರು!" ಎಂದು ಮುನಿವೆಂಕಟಮ್ಮ ಚಪ್ಪಾಳೆ ತಟ್ಟಿದಳು.

ಊಟೆ ಸಿಕ್ಕಿದ್ದೇ ದಾರಿ ಎಂದು ಹಿಡಿದುಕೊಂಡಳು. "ಹಾಂ, ಬಾರ್ ಥರ. ಬಾರ್ ಥರಾನೇ."

ಮುನಿವೆಂಕಟಮ್ಮ ಕೆಳಗಿಳಿದು ಬಂದು ಹೊಟ್ಟೆ ತುಂಬ ಉಂಡಳು. ಕೈ ತೊಳೆಯುವಾಗ ಮತ್ತೆ ಅನುಮಾನ ಬಂತು. ಇಲ್ಲಿಂದ ಕತ್ರಿಗುಪ್ಪೆಗೆ ಹೋಗುವಷ್ಟರಲ್ಲಿ ಎಷ್ಟೊಂದು ಬಾರುಗಳಿವೆ. ಅವುಗಳ ಬೋರ್ಡು ನೋಡಿ ಯಾರೂ ಫುಟ್‌ಪಾತಿನ ಮೇಲೆ ಬಿದ್ದು ನಗುವುದಿಲ್ಲ. ಇದರಲ್ಲಿ ಬೇರೇನೋ ಇದೆ. ಬೆಳಗಾದ ಮೇಲೆ ಆಕೆ ಪ್ರಮೋದನ ಕ್ಲಾಸಿಗೆ ನುಗ್ಗಿ ಮುಂದಿನ ಬೆಂಚಿನಲ್ಲಿ ಕೂತಳು. ಹುಡುಗಿಯರಿನ್ನೂ ಬಂದಿರಲಿಲ್ಲ.

"ಮೇಷ್ಟ್ರೇ, ನಿಮಗೆಲ್ಲಾ ಭಾಷೆ ಬರ್ತದಲ್ಲ. ಪಪ್ಸ್ ಅನ್ನೋದ್ರ ಕತೆ ಏನು, ಪೂರ್ತಿ ಹೇಳಿ."

ಪ್ರಮೋದ ಕೈಲಿದ್ದ ಮಾರ್ಕರಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಓನರಮ್ಮ, ಅದೂ ತಾಯಿಯ ವಯಸ್ಸಿನವಳು. ಇವಳೆದುರು ಆ ಮಾತು ಹೇಗೆ ಆಡುವುದು? ಬೇರೆ ಭಾಷೆಗಳನ್ನೆಲ್ಲ ಮುಂದೆ ತಳ್ಳಿ, ಜರ್ಮನ್ ಬರುವಷ್ಟರಲ್ಲಿ ಆಕೆಗೆ ಬೇಜಾರು ಬರಿಸಿ ಎಬ್ಬಿಸಿಬಿಡೋಣ ಅಂತ ಅವನ ಉಪಾಯ.

"ನೋಡಿ ಆಂಟಿ, ಇಂಗ್ಲಿಷಲ್ಲಿ ಪಫ್ ಅಂದ್ರೆ ಉಸಿರು ಊದೋದು. ಊದಿದ ಹಾಗೆ ಉಬ್ಬುತ್ತಲ್ಲ, ಅದಕ್ಕೇ ಈ ತಿಂಡಿಗೆ ಆ ಹೆಸ್ರು."

"ಯಲ್ಲಯ್ಯಂದು ಚೆನ್ನಾಗುಬ್ಬುತ್ತೆ. ಮುಂದಕ್ಕೆ?"

"ಫ್ರಾನ್ಸಲ್ಲಿ ಪೂಫ್ ಅಂದ್ರೆ ಕೂರೋ ದುಂಡು ಮೆತ್ತೆ. ಕಾಲಿಲ್ಲದ ಸ್ಟೂಲ್ ಥರ. ಮೇಲೆ ಕೂತ್ರೆ ಪೂಫ್ ಅಂತ ಗಾಳಿ ಹೋಗುತ್ತೆ."

"ಯಾರ್ದು?"

"ಮೆತ್ತೇದು, ಆಂಟಿ."

"ಹಾಂ."

"ಹಾಲೆಂಡಲ್ಲಿ 'ಪೊಫ್ ಮೇಲೆ ತಗೊಂಡೆ' ಅಂದ್ರೆ ಉದ್ದರಿ ತಗೊಂಡೆ ಅಂತ."

"ಪಪ್ಸನ್ನೇ ಪೊಪ್ಪಿನ ಮೇಲೆ ತಗೊಂಡು ತಿನ್ನೋರು ನಮ್ ಬೀದೀಲೂ ಅವ್ರೆ ಬುಡಿ. ಆಮೇಲೆ?"

ಆಕೆಗೆ ಬೇಜಾರು ಬರುವ ಲಕ್ಷಣ ಕಾಣಲಿಲ್ಲ. ಬದಲಿಗೆ ಸೆರಗು ಸಿಕ್ಕಿಸಿಕೊಂಡು ಕಾಲು ಮಡಚಿ ಕೂತಳು. ಪ್ರಮೋದ ಮುಂದಿನ ದೇಶಕ್ಕೆ ಹೊರಟ.

"ಸ್ವೀಡನ್ನಲ್ಲಿ ಮೆಲ್ಲಗೆ ತಳ್ಳೋದಕ್ಕೆ ಅಂತಾರೆ. ಬಸ್ಸಲ್ಲಿ ಮೊಣಕೈಲಿ ಹಿಂಗೆ ತಳ್ತಾರಲ್ಲ, ಹಂಗೆ. ಸ್ಪೇನಲ್ಲಿ ಸುಸ್ತಾದ್ರೆ, ಸಾಕಪ್ಪಾ ಅನ್ನಿಸಿದ್ರೆ 'ಪುಫ್' ಅಂತಾರೆ. ಇಷ್ಟೆಲ್ಲಕ್ಕೂ ಬೇರು ಒಂದೇ ಆಂಟಿ, ಬಾಯಿಂದ ಗಾಳಿ ಬಿಡೋ ಸದ್ದು. ನಾವು ದೀಪ ಆರಿಸೋವಾಗ ಉಫ್ ಅನ್ನಲ್ವಾ? ಅವರಿಗೆ ಅದು ಪಫ್ ಅಂತ ಕೇಳಿಸ್ತು. ಒಂದೊಂದು ಊರಲ್ಲಿ ಒಂದೊಂದು ಕೆಲಸಕ್ಕೆ ಹಚ್ಚಿಕೊಂಡ್ರು. ಅಷ್ಟೇ." ಅವನು ಎದ್ದು ನಿಂತ. "ಪುಫ್" ಅಂತಲೂ ಅಂದ. ಅದು ಸ್ಪೇನಿನದು.

ಮುನಿವೆಂಕಟಮ್ಮ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಒಮ್ಮೆ ಉಫ್ ಎಂದು, ಒಮ್ಮೆ ಪಫ್ ಎಂದು ಊದಿ ನೋಡಿದಳು. ಎರಡರಲ್ಲೂ ಗಾಳಿ ಒಂದೇ. ಖುಷಿಯಾಯಿತು. ಆಮೇಲೆ ಕೇಳಿದಳು, "ಜರ್ಮನೀದು ಹೇಳ್ಲೇ ಇಲ್ವಲ್ಲಾ?"

ಪ್ರಮೋದನ ಕೈಯಿಂದ ಮಾರ್ಕರ್ ಜಾರಿತು.

"ಜರ್ಮನೀಲಿ… ಪಗಡೆ!"

ಅದು ಪೂರ್ತಿ ಸುಳ್ಳೇನಲ್ಲ. ಪಗಡೆಯಂಥ ಒಂದು ದಾಳದ ಆಟಕ್ಕೆ ಜರ್ಮನ್ನರು ಹಿಂದೆ ಪುಫ್ ಅನ್ನುತ್ತಿದ್ದರು. ದಾಳ ಬಿದ್ದ ಸದ್ದಿನಿಂದ ಬಂದ ಹೆಸರಂತೆ. ಆ ಆಟ ಆಡುತ್ತಿದ್ದ ಮನೆಗಳಲ್ಲಿ ಇನ್ನೊಂದು ವ್ಯಾಪಾರವೂ ನಡೆಯುತ್ತಿದ್ದರಿಂದ ಹೆಸರು ಆಟವನ್ನು ಬಿಟ್ಟು ಮನೆಗೆ ಅಂಟಿಕೊಂಡಿತು ಎನ್ನುವವರಿದ್ದಾರೆ. ಪ್ರಮೋದ ಆಟದ ಹತ್ತಿರವೇ ಗಾಡಿ ನಿಲ್ಲಿಸಿಬಿಟ್ಟ.

"ಪಗಡೇನಾ!" ಎಂದು ಮುನಿವೆಂಕಟಮ್ಮ ಎದ್ದಳು. ಇದು ಬಾರಿಗಿಂತ ಎಷ್ಟೋ ಮರ್ಯಾದಸ್ಥ ಅರ್ಥ. ಪಗಡೆ ಆಡಲು ದುಡ್ಡು ಕಟ್ಟುತ್ತಾರೆ, ಗಂಡಸರು ಹೆಂಡತಿಗೆ ಹೇಳದೆ ಹೋಗುತ್ತಾರೆ. ಊಟ ಮೇಡಮ್ಮು ಹೇಳಿದ್ದೆಲ್ಲ ಸರಿಯಾಗಿ ಕೂತಿತು. ಜೂಜಿನ ಹೆಸರು ಅಂಗಡಿಗಿಟ್ಟಿದ್ದಕ್ಕೆ ಹುಡುಗಿಯರು ನಕ್ಕಿದ್ದಾರೆ, ಅಷ್ಟೇ. ಮನಸ್ಸು ಹಗುರಾಯಿತು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮುನಿವೆಂಕಟಮ್ಮನಿಗೆ ಏನಾದರೂ ಹೊಸದು ಗೊತ್ತಾದರೆ ಕೈ ಕಟ್ಟಿ ಕೂರುವ ಸ್ವಭಾವವಲ್ಲ. ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ಕೆಂಪು ರೆಕ್ಸಿನ್ನಿನ ಒಂದು ದುಂಡು ಮೆತ್ತೆ ತಂದು, ಬೋರ್ಡಿನ ಸರಿಯಾಗಿ ಕೆಳಗೆ ಹಾಕಿ, ಬೈರಣ್ಣನನ್ನು ಅದರ ಮೇಲೆ ಕೂರಿಸಿದಳು. "ಇದು ಫ್ರಾನ್ಸಿನ ಪಪ್ಸು" ಎಂದು ಬಂದವರಿಗೆಲ್ಲ ತೋರಿಸಿದಳು. ಬೈರಣ್ಣ ಪಂಚೆ, ಬೆಲ್ಟು, ಬಿಳಿ ಶರ್ಟಿನಲ್ಲಿ ಪೇಪರು ಓದುತ್ತ ದಿನವಿಡೀ ಅದರ ಮೇಲೆಯೇ ಇರುತ್ತಿದ್ದ. ಕೂತಾಗೊಮ್ಮೆ ಎದ್ದಾಗೊಮ್ಮೆ ಪೂಫ್ ಅನ್ನುತ್ತಿತ್ತು.

ಅಟ್ಟದ ಮೇಲಿದ್ದ ಅತ್ತೆಯ ಕಾಲದ ಪಗಡೆ ಹಾಸು ಕೆಳಗಿಳಿದು ಫ್ಯಾಮಿಲಿ ರೂಮಿನ ಬೆಂಚಿನ ಮೇಲೆ ಬಿಚ್ಚಿಕೊಂಡಿತು. ಶಾಮಣ್ಣ ಮತ್ತೆ ಬಂದು ಬೋರ್ಡಿನ ಕೆಳಗೆ ಇನ್ನೊಂದು ಪಟ್ಟಿ ಸೇರಿಸಿದ. ಎರಡೂ ಭಾಷೆಯಲ್ಲಿ, ಆಕೆ ಹೇಳಿದಂತೆಯೇ: 'ಮಹಡಿಯ ಮೇಲೆ ಜರ್ಮನ್ ಪಫ್ ಇದೆ. ಹೊಸಬರಿಗೆ ಕಲಿಸಿಕೊಡಲಾಗುವುದು.'

ಊಟೆ ಅದನ್ನು ನೋಡಿ ಒಂದು ಫೋಟೋ ತೆಗೆದುಕೊಂಡು, ಪ್ರಮೋದನ ಹತ್ತಿರ ಹೋಗಿ, "ನೀನೇ ಹೇಳು" ಅಂದಳು. "ನಾನು ಬಾಡಿಗೆದಾರ, ನೀನು ಹೇಳು" ಅಂದ ಪ್ರಮೋದ. "ನಾನೂ ಬಾಡಿಗೆದಾರಳೇ" ಅಂದಳು ಊಟೆ. ಇಬ್ಬರೂ ಹೇಳಲಿಲ್ಲ. ದಿನಗಳು ಉರುಳಿದವು. ಪಗಡೆ ಕಲಿಯಲು ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವ ರಿಟೈರಾದ ಗಂಡಸರು ಒಬ್ಬೊಬ್ಬರೇ ಬರತೊಡಗಿದರು. ಇಳಿದು ಹೋಗುವಾಗ, "ಜರ್ಮನ್ ಪಫ್ ಬಹಳ ಚೆನ್ನಾಗಿತ್ತಮ್ಮಾ, ನಾಳೆ ನಮ್ಮ ಭಾವನ್ನೂ ಕರ್ಕೊಂಡ್ ಬರ್ತೀನಿ" ಅಂದಾಗ ಮೆಟ್ಟಿಲ ಮೇಲಿದ್ದ ನರ್ಸ್ ಹುಡುಗಿಯರು ಗೋಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಪ್ರಮೋದನಿಗೆ ಫೋನು ಬಂತು. ಜರ್ಮನಿಯ ಆಸ್ಪತ್ರೆಯೊಂದರಿಂದ ದಾದಿಯರ ಮುಖ್ಯಸ್ಥೆಯೇ ಹುಡುಗಿಯರನ್ನು ಮಾತಾಡಿಸಿ ಆರಿಸಲು ಬೆಂಗಳೂರಿಗೆ ಬಂದಿದ್ದಾಳೆ. ಮೊದಲು ಬೇರೆ ಕಡೆ ಹೋಗುವವಳಿದ್ದಳು. ಈಗ ಮೊದಲು ಇಲ್ಲಿಗೇ ಬರುತ್ತಾಳಂತೆ. ಬನಶಂಕರಿ ದಾಟಿಯೂ ಆಗಿದೆ.

ಪ್ರಮೋದ ಕಿಟಕಿಯಿಂದ ಬಗ್ಗಿ ಬೋರ್ಡು ನೋಡಿದ. ಹೊರಗೆ ಹೋಗಿದ್ದ ಊಟೆಯ ಹಾಸಿಗೆಯಿಂದ ಬೆಡ್‌ಶೀಟು ಎಳೆದುಕೊಂಡು, ಹಳೆಯ ಏಣಿಯೊಂದನ್ನು ಬೋರ್ಡಿಗೆ ಒರಗಿಸಿ, ಹಗ್ಗ ಬಾಯಲ್ಲಿ ಕಚ್ಚಿಕೊಂಡು ಸರಸರನೆ ಹತ್ತಿದ. ಮೇಲೆ ತಲುಪಿ ಕೆಳಗೆ ನೋಡಿದರೆ ಏಣಿಯ ಎರಡೂ ಕಾಲು ಮುನಿವೆಂಕಟಮ್ಮನ ಕೈಯಲ್ಲಿದ್ದವು.

"ನನ್ ಬೋರ್ಡಿಗ್ಯಾಕಯ್ಯಾ ಮುಸುಕು?"

"ಆಂಟಿ, ಜರ್ಮನಿಯಿಂದ ಮೇಡಂ ಬರ್ತಿದಾರೆ!"

"ಬರ್ಲಿ. ನೋಡ್ಲಿ. ಅವ್ರೂರಿನ ಆಟಾನೇ ಇಟ್ಟಿವ್ನಿ."

"ಅದು ಆಟ ಅಲ್ಲ ಆಂಟಿ! ಅಂದ್ರೆ, ಆಟಾನೇ. ಆದ್ರೆ ಇನ್ನೊಂದರ್ಥ ಐತೆ. ಅದು… ಸರಿಯಿಲ್ಲ."

"ಅಂಗಾರೆ ಅವತ್ತು ಹೇಳಿದ್ದು ಸುಳ್ಳಾ?" ಏಣಿ ಒಮ್ಮೆ ಅಲ್ಲಾಡಿತು. "ಇಡೀ ಕ್ಲಾಸಿಗೆ ಗೊತ್ತು, ನಂಗ್ ಮಾತ್ರ ಗೊತ್ತಿಲ್ಲ. ಹೇಳು, ಇಳಿ. ಹೇಳ್ದೇ ಇದ್ರೆ ಅಲ್ಲೇ ಇರು."

ಪ್ರಮೋದ ಕೆಳಗೆ ಮೆತ್ತೆಯ ಮೇಲೆ ಕೂತಿದ್ದ ಬೈರಣ್ಣನ ಕಡೆ ದೀನನಾಗಿ ನೋಡಿದ. ಬಗ್ಗಿ, ಆದಷ್ಟು ಮೆಲ್ಲಗೆ ಅವನ ತಲೆಯ ಮೇಲೆ ಒಂದು ಮಾತು ಉದುರಿಸಿದ. ಬೈರಣ್ಣ ಪೇಪರು ಮಡಚಿದ. ಬೋರ್ಡು ನೋಡಿದ, ತಾನು ಕೂತ ಕೆಂಪು ಮೆತ್ತೆ ನೋಡಿದ. ಮಾತು ಕಡಿಮೆಯ ಆ ಮನುಷ್ಯನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಬಾಯಿ ತೆರೆದು ನಗು ಹೊರಬಂತು.

"ನೀವೂ ನಗ್ತೀರಾ!" ಎಂದು ಮುನಿವೆಂಕಟಮ್ಮ ಹೆಚ್ಚುಕಮ್ಮಿ ಅಳುವಂತಾದಳು.

ಆ ಹೊತ್ತಿಗೆ ಸುಧಾಮಣಿ ಬಂದಳು. ಅವಳು ಕ್ಲಾಸಿನ ಹುಡುಗಿ. ಎರಡು ವರ್ಷ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿದವಳು. ರೋಗಿಗೆ ಹೇಳಬೇಕಾದ್ದನ್ನು ನೇರವಾಗಿ ಹೇಳಿ ಅಭ್ಯಾಸ. ಏಣಿ, ಬೆಡ್‌ಶೀಟು, ಅಂಕಲ್ಲಿನ ನಗು, ಆಂಟಿಯ ಮುಖ ಎಲ್ಲ ನೋಡಿ, ಹತ್ತಿರ ಹೋಗಿ ಆಕೆಯ ಕಿವಿಯಲ್ಲಿ ಒಂದೇ ಪದ ಹೇಳಿದಳು. ಅಪ್ಪಟ ಕನ್ನಡದ ಪದ.

ಮುನಿವೆಂಕಟಮ್ಮ ತಲೆಯೆತ್ತಿ ಬೋರ್ಡನ್ನು ಮೊದಲಿಂದ ಓದತೊಡಗಿದಳು.

"ಬಿಸಿಬಿಸಿ…" ಅಂದಳು. "ಸದಾ ತಾಜಾ. ಅಯ್ಯೋ." ಬಾಯಿಗೆ ಸೆರಗು ಹೋಯಿತು. "ಮಹಡೀಲಿ ಫ್ಯಾಮಿಲಿ ರೂಮ್…" ಸುಧಾಮಣಿಯ ಭುಜ ಹಿಡಿದುಕೊಂಡಳು. ಕೊನೆಯ ಪಟ್ಟಿಗೆ ಬಂದಳು. "ಹೊಸಬರಿಗೆ…" ಅಷ್ಟೇ. ಮುಂದಕ್ಕೆ ಓದಲಾಗಲಿಲ್ಲ. ಏಣಿಯ ಕಾಲು ತಬ್ಬಿಕೊಂಡು ನೆಲದ ಮೇಲೆ ಕುಸಿದು ನಗತೊಡಗಿದಳು. ಅವಳ ನಗುವಿಗೆ ಏಣಿ ನಡುಗಿತು. "ಆಂಟೀ! ಬಿಡಿ ಆಂಟೀ!" ಎಂದು ಪ್ರಮೋದ ಬೋರ್ಡನ್ನು ತಬ್ಬಿಕೊಂಡ. ಕೈಲಿದ್ದ ಬೆಡ್‌ಶೀಟು ಬಿಚ್ಚಿಕೊಂಡು ತೇಲಿ ಬಂದು ಬೈರಣ್ಣನನ್ನು ಪೂರಾ ಮುಚ್ಚಿತು.

ಸರಿಯಾಗಿ ಆಗಲೇ ಕಾರು ಬಂದು ನಿಂತಿತು.

ಎತ್ತರದ, ಕೂದಲು ಗಿಡ್ಡ ಕತ್ತರಿಸಿದ, ನರೆತ ಹೆಂಗಸು ಇಳಿದಳು. ಅವಳ ಕಣ್ಣಿಗೆ ಬಿದ್ದದ್ದು ಇಷ್ಟು: ಕೆಂಪು ದೀಪಗಳು ಓಡುತ್ತಿರುವ ಒಂದು ಪುಫ್ ಹೌಸ್. ಅದರ ಬೋರ್ಡನ್ನು ತಬ್ಬಿಕೊಂಡ ಒಬ್ಬ ಯುವಕ. ಕೆಳಗೆ ನೆಲದಲ್ಲಿ ಹೊರಳುತ್ತಿರುವ ಹೆಂಗಸು. ಪಕ್ಕದಲ್ಲಿ ಬೆಡ್‌ಶೀಟಿನೊಳಗಿಂದ ನಗುತ್ತಿರುವ ಯಾರೋ. ಆಕೆ ಬೋರ್ಡನ್ನು ಕೊನೆಯ ಸಾಲಿನವರೆಗೆ ಓದಿದಳು. ಹುಬ್ಬು ಮೇಲೇರಿತು.

"ಪುಫ್?" ಅಂದಳು.

ಮುನಿವೆಂಕಟಮ್ಮ ಎದ್ದು ನಿಂತಳು. ಕಣ್ಣೊರೆಸಿಕೊಂಡು ಸೀರೆ ಸರಿಮಾಡಿಕೊಂಡಳು. ತನ್ನ ಬೋರ್ಡಿನಿಂದ ಈ ಹುಡುಗಿಯರ ಕೆಲಸ ಹೋಗಬಾರದು ಎಂಬುದು ಆ ಕ್ಷಣಕ್ಕೆ ಹೊಳೆಯಿತು.

"ಸುಧಾಮಣೀ, ನಾನು ಹೇಳಿದ್ದನ್ನ ಹಂಗಂಗೇ ಹೇಳು" ಎಂದು ಶುರುಮಾಡಿದಳು. "ಅಮ್ಮಾ, ಇದು ಬೇಕರಿ. ಅದಲ್ಲ. ಇಲ್ಲಿ ಹಿಟ್ಟು ಲಟ್ಟಿಸ್ತೀವಿ, ಪಲ್ಯ ತುಂಬ್ತೀವಿ. ಒಲೇಲಿ ಉಬ್ಬುತ್ತೆ, ಅದಕ್ಕೆ ಪಪ್ಸು. ಫ್ರಾನ್ಸಿನೋರು ಪಪ್ಸಿನ ಮೇಲೆ ಕೂತ್ಕೊಳ್ತಾರೆ. ಹಾಲೆಂಡಿನೋರು ಪಪ್ಸ್ ಅಂದ್ಕೊಂಡು ಉದ್ದರಿ ಹೇಳ್ತಾರೆ. ಸ್ವೀಡನ್ನಿನೋರು ತಳ್ತಾರೆ. ಸ್ಪೇನಿನೋರು ಉಸ್ಸಪ್ಪಾ ಅಂತಾರೆ. ಎಲ್ರೂ ಬಾಯಲ್ಲಿ ಗಾಳಿ ಬುಟ್ಟು ಅದರಿಂದ ಏನೇನೋ ಮಾಡ್ಕೊಂಡವ್ರೆ. ನಾವು ತಿಂಡಿ ಮಾಡ್ಕೊಂಡ್ವಿ, ನೀವು ಅದನ್ನ ಮಾಡ್ಕೊಂಡ್ರಿ. ಇದ್ರಲ್ಲಿ ನಮ್ ತಪ್ಪೇನು?"

ಸುಧಾಮಣಿ ಒಂದು ಉಸಿರು ತೆಗೆದುಕೊಂಡಳು. ಅಲ್ಲಿಯವರೆಗೆ ಕ್ಲಾಸಿನಲ್ಲಿ 'ನೋವು ಎಲ್ಲಿದೆ', 'ಮಾತ್ರೆ ನುಂಗಿದಿರಾ' ಎಂಬಷ್ಟನ್ನು ಹೇಳುವಾಗಲೂ ಕ್ರಿಯಾಪದ ಎಲ್ಲಿಡಬೇಕೆಂದು ಒದ್ದಾಡುತ್ತಿದ್ದ ಹುಡುಗಿ, ಮುನಿವೆಂಕಟಮ್ಮನ ಭಾಷಣವನ್ನು ಹಿಟ್ಟು, ಪಲ್ಯ, ಉದ್ದರಿ, ಉಸ್ಸಪ್ಪಾ ಸಮೇತ ಗಡಗಡನೆ ಜರ್ಮನ್ ಭಾಷೆಗೆ ತಿರುಗಿಸಿದಳು. ಕೈ ತಿರುಗಿಸಿದ್ದೂ ಆಂಟಿಯಂತೆಯೇ. ಏಣಿಯ ಮೇಲಿನಿಂದ ಪ್ರಮೋದ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. 'ನೀವು ಅದನ್ನ ಮಾಡ್ಕೊಂಡ್ರಿ' ಎಂಬಲ್ಲಿ ಮುಖ್ಯಸ್ಥೆಯ ತುಟಿ ಬಿಗಿಯಿತು. 'ನಮ್ ತಪ್ಪೇನು' ಎಂಬಲ್ಲಿ ಆ ತುಟಿ ಸೋತಿತು. ಅಷ್ಟು ಎತ್ತರದ ಹೆಂಗಸು ಹೊಟ್ಟೆ ಹಿಡಿದುಕೊಂಡು, ಆಸರೆ ಹುಡುಕುತ್ತ ಹೋಗಿ, ಬೆಡ್‌ಶೀಟಿನ ಕೆಳಗಿಂದ ಬೈರಣ್ಣ ಆಗಷ್ಟೇ ಎದ್ದು ಬಿಟ್ಟಿದ್ದ ಮೆತ್ತೆಯ ಮೇಲೆ ಕೂತಳು.

ಪೂಫ್ ಎಂದಿತು.

"ಮೆತ್ತೇದು, ಮೆತ್ತೇದು" ಎಂದು ಮುನಿವೆಂಕಟಮ್ಮ ಅವಸರದಲ್ಲಿ ಸಮಾಧಾನ ಹೇಳಿದಳು. ಸುಧಾಮಣಿ ಅದನ್ನೂ ಜರ್ಮನ್ ಭಾಷೆಗೆ ತಿರುಗಿಸಿದಳು.

ಅವತ್ತು ಮುಖ್ಯಸ್ಥೆ ಫ್ಯಾಮಿಲಿ ರೂಮಿನಲ್ಲಿ ಪಗಡೆ ಹಾಸಿನ ಪಕ್ಕ ಕೂತೇ ಹುಡುಗಿಯರನ್ನು ಮಾತಾಡಿಸಿದಳು. ಸುಧಾಮಣಿಗೆ ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲ. ಯಾವಾಗ ಹೊರಡುತ್ತೀಯ ಅಂತ ಮಾತ್ರ ಕೇಳಿದಳು. ಇನ್ನೂ ಮೂವರಿಗೆ ಕೆಲಸ ಸಿಕ್ಕಿತು. ಹೊರಡುವಾಗ ಒಂದು ಡಬ್ಬಿ ತುಂಬ ಪಫ್ ಕಟ್ಟಿಸಿಕೊಂಡು, ಬೋರ್ಡಿನ ಕೆಳಗೆ ಗಂಡಹೆಂಡಿರ ನಡುವೆ ನಿಂತು ಫೋಟೋ ತೆಗೆಸಿಕೊಂಡಳು. ಅಲ್ಲಿಯವರೆಗೆ ಎಲ್ಲರೂ ಮರೆತೇಬಿಟ್ಟಿದ್ದ ಪ್ರಮೋದನನ್ನು ಆಗ ಏಣಿಯಿಂದ ಇಳಿಸಿದರು.

ಬೋರ್ಡು ತೆಗೆಸೋಣವೇ ಎಂದು ಬೈರಣ್ಣ ಕೇಳಿದ. "ಯಾಕೆ ತೆಗೀಬೇಕು? ಜರ್ಮನೀವ್ರು ಬೇಕಾರೆ ಅವ್ರ ಹೆಸ್ರು ಬದ್ಲಾಯಿಸ್ಕೊಳ್ಳಿ" ಅಂದಳು ಮುನಿವೆಂಕಟಮ್ಮ. ಆದರೂ ಮಹಡಿಯ ಪಟ್ಟಿಯನ್ನು ಕೀಳಿಸಿ, ಆ ಜಾಗದಲ್ಲಿ ಶಾಮಣ್ಣನಿಂದ ಹೊಸದು ಬರೆಸಿದಳು: 'ಇಲ್ಲಿ ತಿನ್ನುವ ಪಫ್ ಮಾತ್ರ ದೊರೆಯುತ್ತದೆ.' ಅದರಿಂದ ಹೊಸ ತಾಪತ್ರಯ ಶುರುವಾಯಿತು. ತಿನ್ನದ ಪಫ್ ಯಾವುದು ಎಂದು ಇಡೀ ಬೀದಿ ಕೇಳತೊಡಗಿತು. ಹಾಲಿನವನು ಕೇಳಿದ, ಹೂವಿನವಳು ಕೇಳಿದಳು, ಸೊಸೆಯಂದಿರು ಬಟ್ಟಲು ಹಿಡಿದುಕೊಂಡೇ ಬಂದು ಕೇಳಿದರು. ಕೇಳಿದವರನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಕರೆದು, ಫ್ರಾನ್ಸಿನಿಂದ ಶುರುಮಾಡಿ, ಕೊನೆಗೆ ಜರ್ಮನಿಗೆ ತಂದು, ಅವರ ಮುಖ ನೋಡುವುದೇ ಆಕೆಗೆ ಒಂದು ಹಬ್ಬವಾಯಿತು.

ಉಳಿದವನು ಯಲ್ಲಯ್ಯ ಒಬ್ಬ. ತಾನು ಮಾಡುವ ತಿಂಡಿಯ ಬಗ್ಗೆ ಊರೆಲ್ಲ ನಗುತ್ತಿದೆ, ತನಗೆ ಮಾತ್ರ ಯಾರೂ ಹೇಳುತ್ತಿಲ್ಲ ಎಂದು ಮುನಿಸಿಕೊಂಡು, ಲಟ್ಟಣಿಗೆ ಕೆಳಗಿಟ್ಟು ನಿಂತುಬಿಟ್ಟ. ಮುನಿವೆಂಕಟಮ್ಮ ಅವನ ಕೇಳಿಸುವ ಕಿವಿಯ ಹತ್ತಿರ ಹೋಗಿ, ಒಲೆಯ ಸದ್ದಿನ ನಡುವೆ, ಜರ್ಮನಿಯಲ್ಲಿ ಯಾವುದಕ್ಕೆ ಪಫ್ ಅನ್ನುತ್ತಾರೆಂದು ಹೇಳಿದಳು.

ಯಲ್ಲಯ್ಯ ನಗಲಿಲ್ಲ. ಗಂಭೀರವಾಗಿ ಯೋಚಿಸಿದ. ಲಟ್ಟಣಿಗೆ ಮತ್ತೆ ಕೈಗೆತ್ತಿಕೊಂಡು ಕೇಳಿದ:

"ಅಲ್ಲೂ ಆಲೂಗಡ್ಡೇನೇ ಹಾಕ್ತಾರಾ ಅಕ್ಕಾ?"